ನೋ ಬಿಡ್ ಶಿವನಂಜಮ್ಮ

ಬೆಟ್ಟದಪುರದ ಸುತ್ತಮುತ್ತ ಹೊಗೆಸೊಪ್ಪಿನ ಗ್ರೇಡಿಂಗ್ ಅಂದರೆ ಶಿವನಂಜಮ್ಮನದೇ ಹೆಸರು. ಕಾವು ಕೊಡುವ ಬ್ಯಾರನ್ ಮನೆಯಲ್ಲಿ ಬೆಂದು ಇಳಿದ ಸೊಪ್ಪನ್ನು ಒಂದೊಂದೇ ಎಲೆಯಾಗಿ ಎತ್ತಿ, ಬಣ್ಣ ನೋಡಿ, ಬೆರಳಲ್ಲಿ ಉಜ್ಜಿ, ಬ್ರೈಟು, ಮೀಡಿಯಂ, ಲೋ ಅಂತ ಬೇರೆ ಬೇರೆ ಗುಡ್ಡೆಗೆ ಎಸೆಯುವುದು ಅವಳ ಕೆಲಸ. ಜಯರಾಮಣ್ಣನ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಅದನ್ನೇ ಮಾಡಿ ಅವಳ ಬೆರಳಿಗೆ ಹತ್ತಿದ ಕಪ್ಪು ಅಂಟು ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಹೆಂಗಸರು ತಮ್ಮ ಮನೆಯ ಸೊಪ್ಪು ಬಂದಾಗ ಒಂಚೂರು ಮೇಲಿನ ಗುಡ್ಡೆಗೆ ಹಾಕಕ್ಕಾ ಅಂತ ಹಲ್ಲು ಗಿಂಜಿದರೆ ಒಂದೇ ಮಾತು: "ನಾನು ಸೊಪ್ಪು ನೋಡ್ತೀನಿ ಕಣೆ, ಯಾರ್ ಒಲದ್ದು ಅಂತ ಕೇಳಕ್ಕಿಲ್ಲ."

ಕಣ್ಣಿನ ಜೊತೆಗೆ ದೇವರು ಅವಳಿಗೊಂದು ಬಾಯಿಯನ್ನೂ ಕೊಟ್ಟಿದ್ದ. ಅಬ್ಬಬ್ಬಾ, ಅದೆಂಥ ಬಾಯಿ! ಕೈ ಎಲೆಯ ಮೇಲೆ ಓಡುತ್ತಿದ್ದರೆ ಬಾಯಿ ಊರಿನವರ ಮೇಲೆ ಓಡುತ್ತಿತ್ತು. ಪಕ್ಕದಲ್ಲಿ ಕೂರುತ್ತಿದ್ದ ಮಂಗಳಾ ಹೊಸ ಫೋನು ತಂದ ದಿನದಿಂದ ಆ ಬಾಯಿಗೆ ಊರು ಸಾಲದಾಯಿತು. ಮಂಗಳಾ ಫೋನನ್ನು ಒತ್ತಿ ಕಟ್ಟಿದ ಸೊಪ್ಪಿನ ಬೇಲ್‌ಗೆ ಒರಗಿಸಿ ಒಂದೊಂದೇ ವೀಡಿಯೊ ಹಾಕುವಳು. ಶಿವನಂಜಮ್ಮ ಎಲೆಯಿಂದ ಕಣ್ಣೆತ್ತಿ ಒಂದು ಸಲ ನೋಡಿ ಗ್ರೇಡು ಕೂಗುವಳು. ಬಿಳಿ ಮಾಡುವ ಸೋಪಿನ ಜಾಹೀರಾತು ಬಂದರೆ, "ಆ ಹುಡ್ಗಿ ಹುಟ್ಟಿದಾಗ್ಲೇ ಬೆಳ್ಳಗಿದ್ಲು. ನನ್ನ ಕೈ ತೊಳೆದು ತೋರ್ಸು ಆಗ ನೋಡನ" ಅನ್ನುವಳು. ಹುಣಸೂರಿನ ಯಾವನೋ ಹುಡುಗ ಟೋಪಿ ತಿರುಗಿಸಿ ಹಾಕಿಕೊಂಡು ರ‍್ಯಾಪ್ ಹಾಡಿದರೆ, "ಹೊಟ್ಟೆ ನುಲಿತಾ ಅದೇನ್ಲಾ? ಎಲ್ಗಾದ್ರೂ ಹೋಗಿ ಬಾ ಮೊದ್ಲು" ಅನ್ನುವಳು. ತೀರಾ ಕೆಟ್ಟದ್ದು ಅನಿಸಿದರೆ ಹರಾಜು ಕಟ್ಟೆಯ ಮಾತು ಬರುತ್ತಿತ್ತು. ಯಾರೂ ಬೆಲೆ ಕೂಗದ ಬೇಲ್‌ಗೆ ಅಲ್ಲಿ ನೋ ಬಿಡ್ ಅನ್ನುತ್ತಾರೆ. ರೈತ ಅದನ್ನು ಹೊತ್ತುಕೊಂಡು ವಾಪಸು ಮನೆಗೆ ಹೋಗಬೇಕು. ಶಿವನಂಜಮ್ಮ ಕೈಯಲ್ಲಿದ್ದ ಎಲೆಯನ್ನು ಫೋನಿನ ಮುಖಕ್ಕೇ ಎಸೆದು "ನೋ ಬಿಡ್!" ಅಂದರೆ ಇಡೀ ಶೆಡ್ಡು ಬಿದ್ದು ಬಿದ್ದು ನಗುತ್ತಿತ್ತು.

ಮಂಗಳಾ ಅದನ್ನೆಲ್ಲ ಹಿಡಿದು ಹೊಸ ಆ್ಯಪೊಂದಕ್ಕೆ ಹಾಕಿದಳು. ಮೂರೇ ತಿಂಗಳಿಗೆ ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಗುರುತು ಪರಿಚಯವಿಲ್ಲದವರು "ನೋ ಬಿಡ್ ಅಮ್ಮ" ಅಂತ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳತೊಡಗಿದರು. ಅಷ್ಟು ವರ್ಷ ತಲೆ ಬಗ್ಗಿಸಿ ಕೂತವಳಿಗೆ ಈ ಖುಷಿ ತಲೆಗೇರಿತು, ಏರದೆ ಇರುತ್ತದೆಯೇ?

ಒಂದು ಸಲ ಕಾಲೇಜು ಓದುವ ಹುಡುಗಿಯೊಬ್ಬಳು ಹಾಡಿದ್ದಕ್ಕೆ, "ಗಂಟ್ಲಲ್ಲಿ ಗೂಟ ಹೊಡೆದವ್ರೆ, ನೋ ಬಿಡ್" ಅಂದುಬಿಟ್ಟಿದ್ದಳು. ವಾರ ಕಳೆದು ಆ ಹುಡುಗಿಯ ತಾಯಿ ಶೆಡ್ಡಿನ ಬಾಗಿಲಿಗೆ ಬಂದು ನಿಂತಳು. ಮಗಳು ಕಾಲೇಜಿಗೆ ಹೋಗುತ್ತಿಲ್ಲ, ಊಟ ಬಿಟ್ಟಿದ್ದಾಳೆ, ಆ ವೀಡಿಯೊ ತೆಗೆದುಬಿಡಿ ಅಂತ ಕಣ್ಣೀರು ಹಾಕಿದಳು. ಶಿವನಂಜಮ್ಮ ಎಲೆಯಿಂದ ತಲೆ ಎತ್ತಲಿಲ್ಲ. "ಮಾರ್ಕೆಟ್ಟಿಗೆ ತಂದ್ಮೇಲೆ ಹರಾಜಾಗ್ಲೇಬೇಕು ಕಣ್ರವ್ವ. ಮನೇಲಿ ಇಟ್ಕೊಂಡಿದ್ರೆ ನಾನೇನು ಬತ್ತಿದ್ನಾ?" ಅಂದಳು. ಆ ತಾಯಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೋದಳು. ಮಂಗಳಾ ಅದನ್ನೂ ವೀಡಿಯೊ ಮಾಡಿ ಹಾಕಿದಳು.

ಆ ಬಾಯಿ ಮೆತ್ತಗಾಗುತ್ತಿದ್ದದ್ದು ಮಗಳು ಚೈತ್ರಳ ಮುಂದೆ ಮಾತ್ರ. ಗಂಡ ಹೋದಾಗ ಮಗುವಿಗೆ ಮೂರು ವರ್ಷ. ತನ್ನ ಮಗಳ ಬೆರಳಿಗೆ ಈ ಅಂಟು ಹತ್ತಬಾರದು ಅನ್ನುವುದೊಂದೇ ಅವಳ ಹಟ. ಆ ಹಟಕ್ಕೆ ಮಿರ್ಲೆಯಿಂದ ಸಂಬಂಧ ಕೂಡಿಬಂತು. ಹುಡುಗ ಮಹೇಶ್‌ಕುಮಾರ್‌ಗೆ ಸಾಲಿಗ್ರಾಮದಲ್ಲಿ ಗೊಬ್ಬರದಂಗಡಿ, ಊರ ಕೆಳಗೆ ಕಾಲುವೆ ನೀರಿನ ಗದ್ದೆ, ಮನೆಯಲ್ಲಿ ತಾಯಿ ಶೋಭಾ ಒಬ್ಬಳೇ. ಶಾಸ್ತ್ರ ಮುಗಿಯಿತು, ಛತ್ರಕ್ಕೂ ಹೇಳಿಯಾಯಿತು.

ಮದುವೆಗೆ ಇನ್ನೊಂದು ತಿಂಗಳಿದೆ ಅನ್ನುವಾಗ ಮಂಗಳಾ ಒಂದು ವೀಡಿಯೊ ತೋರಿಸಿದಳು. ಮಹಡಿ ಮೇಲೆ ಒಬ್ಬಳು ಹಳದಿ ಸೀರೆ ಉಟ್ಟು ಕುಣಿಯುತ್ತಿದ್ದಳು. ಅದೇನು ಫಿಲ್ಟರೋ, ಕೆನ್ನೆ ಗುಲಾಬಿ, ಕಣ್ಣು ಗೊಂಬೆಯ ಕಣ್ಣು, ವಯಸ್ಸು ಇಪ್ಪತ್ತು ದಾಟದು. ಶಿವನಂಜಮ್ಮ ಮೂಗಿನ ಮೇಲೆ ಬೆರಳಿಟ್ಟಳು.

"ಅಯ್ಯೋ ನಮ್ಮವ್ವಾ! ಮುಖಕ್ಕೆ ಇಪ್ಪತ್ತು, ಮೊಣಕೈಗೆ ಐವತ್ತು! ಮೇಲ್ಗಡೆ ಬ್ರೈಟು ಎಲೆ ಜೋಡ್ಸಿ ಒಳಗೆ ಕೊಳೆತ ಸೊಪ್ಪು ತುರುಕಿರೋ ಬೇಲು ಕಣೆ ಇದು. ಬಿಚ್ಚುದ್ರೆ ಕಮಟು ವಾಸ್ನೆ. ಕಟ್ಕೊಂಡವ್ನು ಅದೆಂಗೆ ಸಹಿಸ್ಕೊಂಡಿದ್ನೋ, ಪಾಪ. ನೋ ಬಿಡ್, ನೋ ಬಿಡ್!"

ಮಾರನೆಯ ಬೆಳಗ್ಗೆ ಶೋಭಾಳ ಫೋನು ಬಂತು. "ಬೀಗಿತ್ತಿ, ನಮ್ಮ ವೀಡಿಯೊ ನೋಡಿ ಚೆನ್ನಾಗಿ ಮಾತಾಡಿದ್ದೀರಿ. ಊರೋರೆಲ್ಲ ನಂಗೇ ಕಳಿಸ್ತಾವ್ರೆ."

ಹಳದಿ ಸೀರೆಯವಳು ಬೀಗಿತ್ತಿ ಅಂತ ಶಿವನಂಜಮ್ಮನಿಗೆ ಆಗ ಹೊಳೆಯಿತು. ಮೊಣಕೈಯ ವಯಸ್ಸು ಹೇಳಿದ ಕಣ್ಣಿಗೆ ಎರಡು ಸಲ ಎದುರು ಕೂತು ಕಾಫಿ ಕುಡಿದವಳ ಗುರುತು ಸಿಗಲಿಲ್ಲವಲ್ಲ! ತಪ್ಪಾಯ್ತು, ಗೊತ್ತಾಗಲಿಲ್ಲ, ಕಾಲು ಹಿಡೀತೀನಿ ಅಂದಳು. ಮಂಗಳಾ ವೀಡಿಯೊ ಅಳಿಸಿದಳು. ಅಷ್ಟರಲ್ಲಿ ಅದು ಕೆ.ಆರ್.ನಗರ ದಾಟಿಹೋಗಿತ್ತು.

"ಅಯ್ಯೋ ಬುಡಿ, ಅದುಕ್ಕೆಲ್ಲಾ ಮದುವೆ ನಿಲ್ತದಾ?" ಅಂತ ಶೋಭಾ ನಕ್ಕಳು. ಎಂಥ ದೊಡ್ಡ ಮನಸ್ಸು ಅಂತ ನೆಂಟರೆಲ್ಲ ಹೊಗಳಿದರು. ಹೆದರಿದವಳು ಚೈತ್ರ ಒಬ್ಬಳೇ. "ಅವ್ವ, ಅವ್ರು ಬೈದಿದ್ರೆ ವಾಸಿಯಾಗಿತ್ತು. ನಗ್ತಾರಲ್ಲ, ಅದುಕ್ಕೇ ಭಯ. ಬೇಡ ಕಣವ್ವ ಈ ಮದುವೆ" ಅಂದಳು. ಗದ್ದೆ, ಗೊಬ್ಬರದಂಗಡಿ ಕಣ್ಣ ಮುಂದಿದ್ದ ಶಿವನಂಜಮ್ಮ, "ಸುಮ್ನಿರು, ನಿಂಗೇನು ಗೊತ್ತು" ಅಂತ ಗದರಿಸಿ ಧಾರೆ ಎರೆದಳು.

ಮದುವೆಯಾಗಿ ಇಪ್ಪತ್ತನೆಯ ದಿನ ಮಂಗಳಾ ಫೋನನ್ನು ಶಿವನಂಜಮ್ಮನ ಮಡಿಲಿಗಿಟ್ಟಳು. ಪರದೆಯ ಮೇಲೆ ಚೈತ್ರ ಮುದ್ದೆ ಕಟ್ಟುತ್ತಿದ್ದಳು. ಹಿಂದಿನಿಂದ ಶೋಭಾಳ ದನಿ: "ಮುದ್ದೆ ಮೀಡಿಯಂ. ರಂಗೋಲಿ ಲೋ. ನಡಿಗೆ ನೋಡ್ರಪ್ಪ ನಡಿಗೆಯ, ನೋ ಬಿಡ್!" ಫೋನು ಹಿಡಿದಿದ್ದವನು ಮಹೇಶ್‌ಕುಮಾರ್. ಅವನ ನಗು ಎಲ್ಲಕ್ಕಿಂತ ಜೋರಾಗಿ ಕೇಳುತ್ತಿತ್ತು.

ಅಲ್ಲಿಂದ ದಿನಕ್ಕೊಂದು ಬಂತು. ಚೈತ್ರ ಬಟ್ಟೆ ಒಗೆದರೆ ಗ್ರೇಡು, ತಲೆ ಬಾಚಿದರೆ ಗ್ರೇಡು, ತಿಂದ ತಟ್ಟೆಗೂ ಗ್ರೇಡು. ಸೊಸೆ ಗ್ರೇಡಿಂಗ್ ಅಂತ ಅದಕ್ಕೆ ಹೆಸರು, ನೋಡುವ ಜನ ಶಿವನಂಜಮ್ಮನ ವೀಡಿಯೊಗಿಂತ ಎರಡು ಪಟ್ಟು. ಸಾಂಬಾರು ಪುಡಿಯವರೊಬ್ಬರು ಜಾಹೀರಾತನ್ನೂ ಕೊಟ್ಟರು. ಈ ಪುಡಿ ಹಾಕಿದರೆ ಇಂಥ ಸೊಸೆಯ ಸಾರಿಗೂ ಬಿಡ್ ಬರುತ್ತದಂತೆ! ಶೆಡ್ಡಿನ ಹೆಂಗಸರು ಶಿವನಂಜಮ್ಮನ ಎದುರು ಅಯ್ಯೋ ಪಾಪ ಅಂದು, ನೀರು ಕುಡಿಯುವ ನೆಪದಲ್ಲಿ ಆಚೆ ಹೋಗಿ ನೋಡಿ ನಗುತ್ತಿದ್ದರು. ಅವಳಿಗೆ ಅದು ಕೇಳಿಸುತ್ತಿತ್ತು. ಕೈಯಲ್ಲಿದ್ದ ಎಲೆ ಯಾವ ಗುಡ್ಡೆಯದು ಅಂತಲೇ ತಿಳಿಯದೆ ಕೂತಿರುತ್ತಿದ್ದಳು.

ಕೊನೆಗೆ ಒಂದು ಭಾನುವಾರ ಬಾಳೆಹಣ್ಣು, ಅವರೆಕಾಯಿ ಕಟ್ಟಿಕೊಂಡು ಮಿರ್ಲೆಗೆ ಹೋದಳು. ಚೈತ್ರ ಸೊರಗಿ ಕಡ್ಡಿಯಾಗಿದ್ದಳು. ಬಾಗಿಲಲ್ಲಿ ತಾಯಿಯನ್ನು ನೋಡಿದವಳ ಮುಖ ಒಂದು ಗಳಿಗೆ ಅರಳಿತು.

"ನಿಲ್ಸಿಬುಡಿ ಬೀಗಿತ್ತಿ, ನಿಮ್ಮ ದಮ್ಮಯ್ಯ" ಅಂತ ಶಿವನಂಜಮ್ಮ ಶೋಭಾಳ ಮುಂದೆ ನೆಲಕ್ಕೆ ಕೂತಳು.

"ಮಾರ್ಕೆಟ್ಟಿಗೆ ತಂದ್ಮೇಲೆ ಹರಾಜಾಗ್ಲೇಬೇಕು ಅಂದೋರು ನೀವೇ ಅಲ್ವಾ?" ಶೋಭಾ ನಗುತ್ತಲೇ ಕುರ್ಚಿ ಎಳೆದು ಹಾಕಿದಳು. "ಏಳಿ, ಮೇಲೆ ಕೂತ್ಕೊಳಿ. ಒಂದೇ ಒಂದು ವೀಡಿಯೊ ನೀವು ಮಾಡಿಕೊಡಿ. ನಿಮ್ಮ ಮಗಳ ಸಾರು, ನಿಮ್ಮ ಬಾಯಲ್ಲಿ ನೋ ಬಿಡ್. ಅಲ್ಲಿಗೆ ನನ್ನ ಹೊಟ್ಟೆ ತಣ್ಣಗಾಯ್ತದೆ."

ಮಹೇಶ್‌ಕುಮಾರ್ ಫೋನು ಹಿಡಿದ. ಚೈತ್ರ ಬಟ್ಟಲು ತಂದಿಟ್ಟು ಅಡುಗೆಮನೆಯ ಬಾಗಿಲಿಗೆ ಒರಗಿದಳು. ಶಿವನಂಜಮ್ಮ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. ಬಸ್ಸಾರು. ಅವಳೇ ಕಲಿಸಿದ್ದು, ಅವಳ ಕೈರುಚಿಗಿಂತ ಒಂದು ಕೈ ಮೇಲೇ ಇತ್ತು. ಬ್ರೈಟು ಅಂದರೆ ಬ್ರೈಟು. ಇಪ್ಪತ್ತೆರಡು ವರ್ಷದಲ್ಲಿ ಒಳ್ಳೆಯ ಎಲೆಯನ್ನು ಅವಳು ಒಂದು ದಿನವೂ ಕೆಳಗಿನ ಗುಡ್ಡೆಗೆ ಎಸೆದವಳಲ್ಲ. ಇದೊಂದು ಮಾತಿಗೆ ಮಗಳು ಉಳಿದುಕೊಳ್ಳುತ್ತಾಳೆ ಅಂದುಕೊಂಡಳು.

"ನೋ ಬಿಡ್" ಅಂದಳು.

"ಜೋರಾಗಿ, ಅತ್ತೆ" ಅಂದ ಅಳಿಯ. "ಬಟ್ಲು ತಳ್ಳಿ ಅನ್ನಿ, ಆ ಎಲೆ ಎಸೀತೀರಲ್ಲ, ಅಂಗೆ."

ಅವಳು ಬಟ್ಟಲು ತಳ್ಳಿ ಜೋರಾಗಿ ಅಂದಳು. ಸಾರು ನೆಲಕ್ಕೆ ಚೆಲ್ಲಿತು. ಚೈತ್ರ ಬಂದು ಒರೆಸಿದಳು.

"ಇನ್ನು ನಿಲ್ಲುಸ್ತೀರಲ್ವಾ, ಬೀಗಿತ್ತಿ?"

ಶೋಭಾ ವೀಡಿಯೊವನ್ನು ಎರಡು ಸಲ ನೋಡಿ ತೃಪ್ತಿಯಿಂದ ಫೋನು ಕೆಳಗಿಟ್ಟಳು. "ಹೆತ್ತೋಳೇ ನೋ ಬಿಡ್ ಅಂದ್ಮೇಲೆ ಅತ್ತೆ ಯಾಕೆ ನಿಲ್ಲುಸ್ಬೇಕು, ಹೇಳಿ?"

ಬಸ್ಸು ಹತ್ತಿಸಲು ಚೈತ್ರ ರಸ್ತೆವರೆಗೆ ಬಂದಳು. ದೂರದಲ್ಲಿ ಬಸ್ಸು ಕಂಡಾಗ ಅವಳು ಕೇಳಿದಳು.

"ಸಾರು ನಿಜವಾಗ್ಲೂ ಹೆಂಗಿತ್ತವ್ವ?"

"ಬ್ರೈಟು ಕಣವ್ವ. ನಿನ್ನಾಣೆ, ಬ್ರೈಟು."

ಚೈತ್ರ ತಾಯಿಯ ಕಪ್ಪು ಬೆರಳುಗಳನ್ನು ಹಿಡಿದುಕೊಂಡಿದ್ದಳು. ಮೆಲ್ಲಗೆ ಬಿಟ್ಟಳು.

"ಕಂಡೋರ ಮಕ್ಕಳಿಗೆಲ್ಲ ಮುಖದ ಮೇಲೇ ನಿಜ ಹೇಳ್ದೆ. ನನ್ನ ಪಾಲಿಗೆ ಮಾತ್ರ ಸುಳ್ಳು ಬಂತಾ ನಿಂಗೆ?"