ಅರ್ಧ ಬುಟ್ಟಿ ಚರಗ

ಹಬ್ಬ ಎಂದರೆ ನನಗೆ ಮೊದಲು ನೆನಪಾಗುವುದು ದೇವರಲ್ಲ, ಎಣಗಾಯಿ. ಎಳೆ ಬದನೆಕಾಯಿಯ ಹೊಟ್ಟೆ ಸೀಳಿ, ಶೇಂಗಾ, ಗುರೆಳ್ಳು, ಹುಣಸೆಹುಳಿ, ಖಾರ ತುಂಬಿ, ಎಣ್ಣೆಯಲ್ಲಿ ಮೆತ್ತಗೆ ಬೇಯಿಸಿದ್ದು. ಅದರಲ್ಲೂ ರೋಣದಲ್ಲಿರುವ ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಮಾಡಿದ್ದು. ನರಗುಂದದಲ್ಲಿ ನಮ್ಮದೊಂದು ಕಿರಾಣಿ ಅಂಗಡಿ ಇದೆ. ವರ್ಷವಿಡೀ ಅದರ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ನನ್ನ ಸೊಂಟ ಸೆಟೆದುಹೋಗಿರುತ್ತದೆ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬಂತೆಂದರೆ ಅಂಗಡಿಯನ್ನು ಗಂಡನ ಕೊರಳಿಗೆ ಕಟ್ಟಿ, ಖಾಲಿ ಚೀಲ ಹಿಡಿದು ರೋಣದ ಬಸ್ಸು ಹತ್ತುತ್ತೇನೆ. ಬರುವಾಗ ಚೀಲ ತುಂಬಿರುತ್ತದೆ, ಹೊಟ್ಟೆಯೂ.

ಎಳ್ಳಮಾಸಿಗೆ ನಮ್ಮ ಕಡೆ ಹೊಲಕ್ಕೆ ಚರಗ ಚೆಲ್ಲುತ್ತಾರೆ. ಬಿಳಿಜೋಳ ತೆನೆ ಹಿರಿಯುವ, ಕಡಲೆ ಹೂ ಬಿಡುವ ಹೊತ್ತು ಅದು. ಭೂಮಿತಾಯಿ ಬಸುರಿ ಎಂಬ ನಂಬಿಕೆ. ಬಸುರಿಯ ಬಯಕೆ ತೀರಿಸಬೇಕಲ್ಲ, ಮನೆಯಲ್ಲಿ ಮಾಡಿದ ಎಲ್ಲ ಅಡುಗೆಯನ್ನೂ ಬುಟ್ಟಿಯಲ್ಲಿ ಕಲಸಿ ಹೊಲದ ತುಂಬ ಎರಚುತ್ತಾರೆ. ಆಮೇಲೆ ನಾವು ಉಣ್ಣುತ್ತೇವೆ. ಇದಕ್ಕೆ ಇಬ್ಬರು ಬೇಕು. ಮುಂದಿನವನು ಚರಗ ಚೆಲ್ಲಿ "ಹುಲ್ಲುಲ್ಲಿಗ್ಯೋ" ಅನ್ನಬೇಕು. ಹಿಂದಿನವನು ತಂಬಿಗೆಯಿಂದ ನೀರು ಹನಿಸುತ್ತ "ಚಲ್ಲಂಬ್ರಿಗ್ಯೋ" ಅನ್ನಬೇಕು. ಹಿಂದಿನಿಂದ ಉತ್ತರ ಬಾರದೆ ಮುಂದಿನವನು ಹೆಜ್ಜೆ ಎತ್ತುವಂತಿಲ್ಲ. ಇನ್ನೊಂದು ಕಟ್ಟಳೆಯೂ ಉಂಟು. ಚರಗದ ಬುಟ್ಟಿಯನ್ನು ಉಳಿಸಿಕೊಂಡು ಮನೆಗೆ ಹೊಳ್ಳಿ ತರುವಂತಿಲ್ಲ, ಹೊಲದಲ್ಲೇ ಖಾಲಿ ಮಾಡಬೇಕು. ಯಾರು ಮಾಡಿದ ಕಾನೂನೋ ಗೊತ್ತಿಲ್ಲ, ಆದರೆ ಇದನ್ನು ಮುರಿದವರನ್ನು ನಾನು ಕಂಡಿಲ್ಲ.

ನಮ್ಮ ಹೊಲ ಅಬ್ಬಿಗೇರಿ ದಾರಿಗಿದೆ. ಪಕ್ಕದ ಹೊಲ ಒಬ್ಬ ಮುಸಲ್ಮಾನ ರೈತರದು. ನಮ್ಮ ಮನೆಯಲ್ಲಿ ಎಲ್ಲರಿಗೂ ಅವರು ಕಾಕಾ. ಎರಡು ಹೊಲಕ್ಕೂ ನಡುವೆ ಒಂದೇ ಬದು, ಬದುವಿನ ಮೇಲೊಂದು ಬನ್ನಿಗಿಡ. ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡಿ, ಅಲ್ಲಿಂದ ಚರಗ ಹೊರಡುತ್ತದೆ. ನಮ್ಮ ಹೊಲ ಸುತ್ತಿ, ಬದು ದಾಟಿ, ಕಾಕಾನ ಹೊಲ ಸುತ್ತಿ, ಮತ್ತೆ ಗಿಡದ ಬುಡಕ್ಕೆ ಬಂದು ನಿಲ್ಲುತ್ತದೆ. ನನಗೆ ತಿಳಿವಳಿಕೆ ಬಂದಾಗಿನಿಂದ ತಂಬಿಗೆ ಹಿಡಿದು ಹಿಂದೆ ಬರುವವರು ಕಾಕಾ. ಮೊದಲು ನಮ್ಮಪ್ಪನ ಹಿಂದೆ, ಅಪ್ಪ ಹೋದಮೇಲೆ ಅಣ್ಣನ ಹಿಂದೆ. ಅವರ ದನಿ ಇಡೀ ಎರೆಹೊಲಕ್ಕೆ ಕೇಳುತ್ತಿತ್ತು. ಅಣ್ಣನದು ಹುಟ್ಟಾ ಮೆತ್ತಗಿನ ದನಿ, ಹೆಂಡತಿಗೂ ಸರಿಯಾಗಿ ಕೇಳುವುದಿಲ್ಲ.

ಈಚಿನ ಒಂದು ವರ್ಷದ ಮಾತು ಇದು. ಅಣ್ಣನ ಮೊಣಕಾಲಿನ ಆಪರೇಷನ್ ಆಗಿತ್ತು. ಎರೆಮಣ್ಣಿನ ಬಿರುಕಿನಲ್ಲಿ ನಡೆಯಬೇಡ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಚರಗದ ಬುಟ್ಟಿ ಅಣ್ಣನ ಮಗನ ಕೈಗೆ ಬಂತು. ಅವನು ಗಜೇಂದ್ರಗಡದಲ್ಲಿ ಪೈಪು, ಮೋಟಾರಿನ ಅಂಗಡಿ ಇಟ್ಟಿದ್ದಾನೆ. ಒಳ್ಳೆಯ ಹುಡುಗನೇ. ನನ್ನ ಕೈಯಲ್ಲಿ ಚೀಲ ಕಂಡರೆ ಓಡಿಬಂದು ಇಸಿದುಕೊಳ್ಳುತ್ತಾನೆ. ಆದರೆ ಆ ಊರಿನಲ್ಲಿ ಗೆಳೆಯರ ಗುಂಪೊಂದನ್ನು ಕಟ್ಟಿಕೊಂಡಮೇಲೆ ಅವನ ಬಾಯಲ್ಲಿ 'ನಾವು', 'ಅವರು' ಎಂಬ ಎರಡು ಮಾತು ಜಾಸ್ತಿಯಾಗಿದ್ದವು. ಮೋಟರ್ ಸೈಕಲ್ಲಿಗೆ ಬಾವುಟ ಬಂದಿತ್ತು. ಮೊಬೈಲಿನಲ್ಲಿ ದಿನಾ ಬೆಳಗ್ಗೆ ನನಗೂ ಏನೇನೋ ಕಳಿಸುತ್ತಿದ್ದ. ನಾನು ತಿರುಗಿ ಬೇಳೆಯ ಧಾರಣೆ ಕಳಿಸುತ್ತಿದ್ದೆ.

ಆ ಸಲ ಅಮಾವಾಸ್ಯೆಯ ಹಿಂದಿನ ದಿನ ಯಾವಗಲ್ ದಾಟಿ ರೋಣದಲ್ಲಿ ಇಳಿದೆ. ಬಸ್‌ಸ್ಟ್ಯಾಂಡಿನ ಎದುರಿಗೇ ಕಾಕಾ ಎಲೆ ಅಡಿಕೆ ಕೊಳ್ಳುತ್ತ ನಿಂತಿದ್ದರು. ನನ್ನನ್ನು ಕಂಡರೆ ಮೊದಲು ನನ್ನ ಗಂಡನ ಸಕ್ಕರೆ ಕಾಯಿಲೆ ವಿಚಾರಿಸುವ ಮನುಷ್ಯ ಅಂದು ಯಾಕೋ ಎಲೆ ಎಣಿಸತೊಡಗಿದರು.

"ನಾಳಿ ಬರ್ತೀರಿಲ್ರಿ ಕಾಕಾ?" ಎಂದೆ.

ಅವರು ನನ್ನ ಮುಖ ನೋಡಿದರು. "ಈ ಮಾತು ಎಂದೂ ಕೇಳಿದಾಕಿ ಅಲ್ಲ ನೀ," ಅಂದರು. ಆಮೇಲೆ ಎಲೆಗೆ ಸುಣ್ಣ ಹಚ್ಚುತ್ತ, "ನಿಮ್ಮ ಹುಡುಗ ಬ್ಯಾಡ ಅಂದಾನವ್ವಾ. ಈ ವರ್ಷ ನಾವು ನಾವ ಮಾಡ್ತೀವಿ, ಚರಗ ಬದೂವಿಗೇ ನಿಲ್ಲಸ್ತೀವಿ ಅಂದ. ಊಟದ್ದೇನ ಬಿಡು, ನಮ್ಮ ಮನ್ಯಾಗೂ ರೊಟ್ಟಿ ಅದಾವು. ಹೊಲದ್ದ ಚಿಂತಿ ನನಗ. ಕಡ್ಲಿ ಈಗಷ್ಟ ಹೂವು ಬಿಟ್ಟೈತಿ. ಬಸುರೀನ ಉಪಾಸ ಕೆಡವಬಾರದು" ಅಂದರು.

"ನೀವ ಒಬ್ಬರ ಚೆಲ್ಲಾಕ ಬರೂದಿಲ್ಲೇನ್ರಿ?"

"ಒಬ್ಬಾಂವ ಹ್ಯಾಂಗ ಚೆಲ್ಲಬೇಕವ್ವಾ? ಕೂಗಾಂವ ನಾನ, ಓ ಅನ್ನಾಂವ ನಾನ ಆದ್ರ ಹುಚ್ಚ ಅಂತಾರ ಮಂದಿ." ಸ್ವಲ್ಪ ನಕ್ಕು ಮುಂದುವರಿಸಿದರು. "ನಮ್ಮ ತಮ್ಮನ ಮಗಾನೂ ಹಂಗ ಅಂತಾನ. ಇವೆಲ್ಲ ನಮ್ಮಾಗ ನಡಿಯೂದಿಲ್ಲ, ಬಿಡು ಅಂತ. ಇಬ್ಬರೂ ಹುಡುಗ್ರು ಕೂಡಿ ನನ್ನ ಹೊಲಾನ ಉಪಾಸ ಕೆಡವಾಕ ನಿಂತಾರ."

ನಗು ಬಂದರೂ ನನ್ನ ಮೈ ಉರಿಯಿತು. ನನಗೆ ಸಿಟ್ಟು ಬಂದರೆ ನಡಿಗೆ ಜೋರಾಗುತ್ತದೆ. ಆಟೋ ಹತ್ತುವುದನ್ನೂ ಮರೆತು ಮನೆ ಮುಟ್ಟಿದೆ.

ಸಂಜೆ ಅಡುಗೆಮನೆಯಲ್ಲಿ ಸಜ್ಜೆ ರೊಟ್ಟಿ ಬಡಿಯುವ ಸಂಭ್ರಮ. ವೈನಿ, ಅವಳ ಸೊಸೆ, ನಾನು, ಮೂವರ ಕೈಯೂ ಹಿಟ್ಟು. ಅಣ್ಣನ ಮಗ ಬಾಗಿಲಲ್ಲಿ ನಿಂತು ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು ತಿನ್ನುತ್ತಿದ್ದ. ನಾನು ಮಾತು ತೆಗೆದೆ.

"ಅತ್ತೀ, ನಾವು ಯಾರನ್ನೂ ದ್ವೇಷ ಮಾಡಾಂಗಿಲ್ಲ," ಎಂದ ಅವನು, ತಯಾರಾಗಿಯೇ ಇದ್ದವನಂತೆ. "ನಮ್ಮ ಹಬ್ಬ ನಾವು ಮಾಡೂದು. ದೇಶ ಒಂದಾಗಬೇಕಂದ್ರ ಮೊದಲ ನಾವು ಒಂದಾಗಬೇಕು."

"ಎರಡು ಹೊಲ ಇಷ್ಟು ವರ್ಷ ಒಂದಾಗೇ ಇದ್ದುವಲ್ಲೋ. ಕೂಡಿದ್ದನ್ನ ಒಡದು ಒಂದು ಮಾಡೂದು, ಇದು ಯಾವ ಸಾಲ್ಯಾಗ ಕಲಿಸಿದ ಲೆಕ್ಕ?"

"ನಿಮಗ ತಿಳಿಯೂದಿಲ್ಲ ಅತ್ತಿ. ನಮ್ಮ ಮಂದಿ ಹೆಚ್ಚು ಅದಾರ. ಹೆಚ್ಚಿದ್ದವರು ಹೇಳಿದ್ದು ನಡೀಬೇಕು. ಪ್ರಜಾಪ್ರಭುತ್ವ ಅಂದ್ರ ಅದ."

ಗಿರಾಕಿ ತಾನಾಗಿಯೇ ತಕ್ಕಡಿಗೆ ಬಂದು ಕೂತಂತಾಯಿತು ನನಗೆ. "ಹೌದಪ್ಪ," ಎಂದೆ. "ಈ ಮನ್ಯಾಗ ಹೆಣ್ಣಮಕ್ಕಳು ನಾವು ಮೂರು ಮಂದಿ ಇದ್ದೀವಿ, ಗಂಡಸರು ನೀವು ಇಬ್ಬರ. ನಾಳಿಂದ ರೊಟ್ಟಿ ಬಡಿಯೂದು, ಭಾಂಡೆ ತಿಕ್ಕೂದು ಗಂಡಸರು ಮಾಡಬೇಕು ಅಂತ ನಾ ಅಂತೀನಿ. ಹೌದು ಅನ್ನಾವ್ರು ಕೈ ಎತ್ತರಿ."

ವೈನಿ ಹಿಟ್ಟಿನ ಕೈಯನ್ನು ಸೂರಿಗೆ ಮುಟ್ಟುವಂತೆ ಎತ್ತಿದಳು. ಸೊಸೆ ಗಂಡನ ಮುಖ ನೋಡಿ, ತುಟಿ ಕಚ್ಚಿ, ಮೊಣಕೈ ಮಟ್ಟಕ್ಕೆ ಎತ್ತಿದಳು.

"ಅದು ಬ್ಯಾರೆ," ಎಂದ ಅವನು.

"ಯಾಕ ಬ್ಯಾರೆ?"

ಅವನು ಉಳಿದ ರೊಟ್ಟಿಯನ್ನು ಬಾಯಿಗೆ ತುರುಕಿಕೊಂಡು ಹೊರಗೆ ಹೋದ. ಪಡಸಾಲೆಯಲ್ಲಿದ್ದ ಅಣ್ಣ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಟಿವಿಯ ದನಿ ಏರಿಸಿದ, ಅಷ್ಟೇ. ಬೆಳೆದ ಮಗನ ಜೊತೆ ಜಗಳ ಅವನಿಗೆ ಬೇಡ. ನನಗಾದರೆ ಬೇಕು, ಆದರೆ ನಾನು ಕೊಟ್ಟ ಮನೆಯವಳು, ಎರಡು ದಿನ ಉಂಡು ಹೋಗುವವಳು. ಚುನಾವಣೆ ಗೆದ್ದವರ ಕೈಗೆ ಅಡುಗೆಮನೆಯ ಕೀಲಿ ಸಿಗುತ್ತದೆ, ಸರಿ. ಆದರೆ ಮನೆಯವರು ಯಾರು ಅಂತ ಅವರೇ ಹೊಸದಾಗಿ ಆರಿಸುವಂತಿಲ್ಲ. ಈ ಮಾತು ನನಗೆ ಹೊಳೆದದ್ದು ಅವನು ಹೊರಗೆ ಹೋದಮೇಲೆ. ನನ್ನ ಒಳ್ಳೆಯ ಮಾತುಗಳೆಲ್ಲ ಹೀಗೆಯೇ ತಡವಾಗಿ ಬರುತ್ತವೆ. ಕಾಕಾನ ಹೊಲಕ್ಕೆ ನಾಳೆ ಚರಗ ಇಲ್ಲ ಎಂಬುದೇ ಮನಸ್ಸಿನಲ್ಲಿ ಚುಚ್ಚುತ್ತಿತ್ತು.

ಮರುದಿನ ಟ್ರಾಕ್ಟರಿನ ಟ್ರಾಲಿಯಲ್ಲಿ ಹೊರಟೆವು. ಅಣ್ಣನಿಗೊಂದು ಪ್ಲಾಸ್ಟಿಕ್ ಕುರ್ಚಿ, ಬುತ್ತಿಯ ಗಂಟುಗಳು, ಚರಗದ ಬುಟ್ಟಿ, ಜೊತೆಗೆ ಗಜೇಂದ್ರಗಡದಿಂದ ಬಂದ ಹೊಸ ತಂಬಿಗೆಯವನು. ಅವನು ಅಣ್ಣನ ಮಗನ ಗುಂಪಿನ ಗೆಳೆಯ, ಅರಿವೆ ವ್ಯಾಪಾರಿಗಳ ಮನೆಯವನು. ಹೊಲಕ್ಕೆ ಬಿಳಿ ಬೂಟು ಹಾಕಿಕೊಂಡು ಬಂದಿದ್ದ. ನಮಗೆಲ್ಲ ಬಗ್ಗಿ ನಮಸ್ಕಾರ ಮಾಡಿದ, ಟ್ರಾಲಿ ಹತ್ತಲು ನನಗೆ ಕೈ ಕೊಟ್ಟ. ಬೈಯೋಣವೆಂದರೆ ಅವಕಾಶವೇ ಕೊಡಲಿಲ್ಲ.

ಬನ್ನಿಗಿಡದ ಬುಡದಲ್ಲಿ ಪೂಜೆ ಮುಗಿಯಿತು. ಬದುವಿನ ಆಚೆ, ತನ್ನ ಕಡಲೆಯ ನಡುವೆ ಕಾಕಾ ನಿಂತಿದ್ದರು. ಬಿಳಿ ಟೋಪಿ, ಹೆಗಲ ಮೇಲೆ ಟವೆಲ್ಲು. ಕಳೆ ಕೀಳುವ ನೆಪ ಮಾಡುತ್ತಿದ್ದರು. ಆ ಹೊಲದಲ್ಲಿ ಕಳೆ ಎಲ್ಲಿತ್ತು, ಮಗುವಿನ ತಲೆ ಬಾಚಿದಂತೆ ಇಟ್ಟುಕೊಂಡಿದ್ದರು.

ಅಣ್ಣನ ಮಗ ಬುಟ್ಟಿ ಹಿಡಿದು ಮೊದಲ ಹಿಡಿ ಎರಚಿದ. "ಹುಲ್ಲುಲ್ಲಿಗ್ಯೋ" ಎಂದು ಕೂಗಿದ. ದನಿ ಚೆನ್ನಾಗಿತ್ತು.

"ಜೈ" ಎಂದ ಹಿಂದಿನವನು. ಮೆರವಣಿಗೆಯ ರೂಢಿ ಪಾಪ, ಮುಂದೆ ಯಾರೋ ಕೂಗಿದರೆ ಕೈ ತಾನೇ ಮೇಲೇಳುತ್ತದೆ. ಎದ್ದದ್ದು ತಂಬಿಗೆ ಹಿಡಿದ ಕೈ. ನೀರೆಲ್ಲ ಅವನ ತಲೆಯ ಮೇಲೆ, ಅಂಗಿಯ ಮೇಲೆ, ಬಿಳಿ ಬೂಟಿನ ಮೇಲೆ.

ವೈನಿ ನಕ್ಕು ನಕ್ಕು ಬದುವಿನ ಮೇಲೆ ಕೂತುಬಿಟ್ಟಳು. ನಾನಂತೂ ಕಣ್ಣೀರು ಒರೆಸಿಕೊಂಡೆ. ಆ ಹುಡುಗನೂ ನಕ್ಕ, ಅದಕ್ಕಾಗಿ ಅವನ ಮೇಲೆ ನನಗೆ ಸ್ವಲ್ಪ ಪ್ರೀತಿಯೂ ಬಂತು. ಏನನ್ನಬೇಕೆಂದು ಸೊಸೆ ಹೇಳಿಕೊಟ್ಟಳು. ತಂಬಿಗೆ ಮತ್ತೆ ತುಂಬಿಕೊಂಡು, ಒಪ್ಪಿಸುವ ಪಾಠದಂತೆ "ಚಲ್ಲಂಬ್ರಿಗ್ಯೋ" ಅನ್ನುತ್ತ ಅವನು ಹಿಂದೆ ನಡೆದ. ನಮ್ಮ ಹೊಲ ಸುತ್ತಿ ಇಬ್ಬರೂ ಬದುವಿಗೆ ಬಂದು ನಿಂತರು.

ಆಗ ಗೊತ್ತಾಯಿತು. ಬುಟ್ಟಿ ಇನ್ನೂ ಅರ್ಧ ತುಂಬಿತ್ತು.

"ಏನವ್ವಾ ಇದು, ಇಷ್ಟ್ಯಾಕ ತುಂಬಿ?" ಎಂದ ಅಣ್ಣನ ಮಗ.

"ಎರಡು ಹೊಲದ್ದು ತುಂಬಿ ರೂಢಿ ಐತಿ ಕೈಗೆ," ಎಂದಳು ವೈನಿ ಮುಖ ಆ ಕಡೆ ಮಾಡಿ. ರೂಢಿಯೋ, ಬೇಕೆಂದೇ ಹೂಡಿದ ಹಂಚಿಕೆಯೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ. ಇಟಗಿ ಭೀಮವ್ವನ ಆಣೆ ಹಾಕಿ ಕೇಳಿದರೂ ನಗುತ್ತಾಳೆ.

ಬುಟ್ಟಿ ಹೊಳ್ಳಿ ಒಯ್ಯುವಂತಿಲ್ಲ. ಗೆಳೆಯ ದಾರಿ ಹುಡುಕಿದ. "ನಮ್ಮ ಹೊಲಾನ ಇನ್ನೊಂದು ಸುತ್ತ ಹೊಡಿಯೂಣಲ್ಲ."

ಆಗ ಮಾತಾಡಿದ್ದು ಅಣ್ಣ. ಕುರ್ಚಿಯಲ್ಲಿ ಕೂತೇ, ಆ ಮೆತ್ತಗಿನ ದನಿಯಲ್ಲಿ. "ಉಂಡ ಹೊಲಕ್ಕ ಮತ್ತ ಉಣಸ್ತೀರೇನು? ಹಸದದ್ದು ಬಾಜೂಕ ನೋಡಕೋತ ನಿಂತೈತಿ."

ಮಗ ಅಪ್ಪನನ್ನು ನೋಡಿದ. ಬುಟ್ಟಿಯನ್ನು ನೋಡಿದ. ಕಡಲೆಯ ಹೂವನ್ನು ನೋಡಿದನೋ, ಕಾಕಾನನ್ನೋ, ನನಗೆ ತಿಳಿಯಲಿಲ್ಲ. ಕಿವಿ ಮಾತ್ರ ಕೆಂಪಗಾಗಿದ್ದವು. ಬದು ದಾಟಿದ. ಗೆಳೆಯ ಈಚೆಯೇ ನಿಂತ.

"ಹುಲ್ಲುಲ್ಲಿಗ್ಯೋ," ಎಂದು ಒಂದು ಹಿಡಿ ಎರಚಿದ.

ಉತ್ತರ ಬರಲಿಲ್ಲ. ಕಾಕಾ ಅವನ ಕಡೆ ಬೆನ್ನು ಮಾಡಿಯೇ ಇದ್ದರು. ಜೋಳದ ಗರಿ ಸರಸರ ಅನ್ನುವುದು ಕೇಳುತ್ತಿತ್ತು. ಉತ್ತರವಿಲ್ಲದೆ ಮುಂದೆ ಹೋಗುವಂತಿಲ್ಲ, ಹಿಂದೆ ಬರಲು ಬುಟ್ಟಿ ಬಿಡುವುದಿಲ್ಲ. ನನಗೆ ನಿಜವಾಗಿಯೂ ಭಯವಾಯಿತು. ಕಾಕಾ ಮುನಿಸಿಕೊಂಡು ಹಾಗೆಯೇ ನಡೆದುಬಿಟ್ಟರೆ ಆ ಹೊಲವೂ ಉಪವಾಸ, ಈ ಬದುವೂ ಮುಗಿಯಿತು ಅನ್ನಿಸಿತು.

ಅವನು ಮತ್ತೆ ಕೂಗಿದ. ಈ ಸಲ ದನಿಯಲ್ಲಿ ಮೊದಲಿನ ಹುಮ್ಮಸ್ಸು ಇರಲಿಲ್ಲ, ಸಣ್ಣವನಿದ್ದಾಗ ಕಾಕಾನ ಹೆಗಲ ಮೇಲೆ ಕೂತು ಕೂಗುತ್ತಿದ್ದನಲ್ಲ, ಆ ದನಿ ಇತ್ತು.

ಕಾಕಾ ಟವೆಲ್ಲು ಕೊಡವಿದರು. ನಿಧಾನವಾಗಿ ಬದುವಿಗೆ ಬಂದು, ಗಜೇಂದ್ರಗಡದವನ ಕೈಯಿಂದ ತಂಬಿಗೆ ಇಸಿದುಕೊಂಡರು. "ಹನಿ ಹನಿ ಬಿಡಬೇಕಪ್ಪ, ಜಳಕಾ ಮಾಡೂದಲ್ಲ," ಎಂದರು ಅವನ ಒದ್ದೆ ಅಂಗಿ ನೋಡಿ. ಆಮೇಲೆ ಅಣ್ಣನ ಮಗನ ಹಿಂದೆ ಹೋಗಿ ನಿಂತು, "ಚಲ್ಲಂಬ್ರಿಗ್ಯೋ" ಎಂದರು. ಎಪ್ಪತ್ತು ದಾಟಿದ ದನಿ ಎರೆಹೊಲದ ತುಂಬ ಕೇಳಿತು. ಅಣ್ಣ ಕುರ್ಚಿಯಲ್ಲೇ ಟೋಪಿ ತೆಗೆದು ಮುಖ ಒರೆಸಿಕೊಂಡ.

ಬುಟ್ಟಿ ಖಾಲಿಯಾಯಿತು. ಬನ್ನಿಗಿಡದ ನೆರಳಿನಲ್ಲಿ ಎಲ್ಲರೂ ಊಟಕ್ಕೆ ಕೂತೆವು. ಸಜ್ಜೆ ರೊಟ್ಟಿ, ಎಣಗಾಯಿ, ಪುಂಡಿಪಲ್ಲೆ, ನಾವು ಹಿಂಡಿ ಅನ್ನುವ ಶೇಂಗಾ ಚಟ್ನಿಪುಡಿ, ಶೇಂಗಾ ಹೋಳಿಗೆ, ಮೊಸರನ್ನ. ಗಜೇಂದ್ರಗಡದವನು ಬೂಟು ಬಿಚ್ಚಿ ಒಣಹಾಕಿ, ನನಗಿಂತ ಹೆಚ್ಚು ಎಣಗಾಯಿ ತಿಂದ. ಅದನ್ನು ಮಾತ್ರ ನಾನು ಮರೆಯುವುದಿಲ್ಲ.

ಊಟದ ನಡುವೆ ಅಣ್ಣನ ಮಗ ತಲೆ ಬಗ್ಗಿಸಿಯೇ ಅಂದ, "ಕಾಕಾ, ಬರೂ ವರ್ಷ ನಾನ ಮನೀಗೆ ಬಂದು ಕರೀತೇನ್ರಿ."

ಕಾಕಾ ರೊಟ್ಟಿ ಮುರಿಯುತ್ತಿದ್ದರು. "ಕರೀಬ್ಯಾಡೋ ತಮ್ಮಾ," ಎಂದರು. "ನೀ ಕರದ್ರ ನಾ ಬಂದು ಹೋಗೂ ಬೀಗ ಆಗ್ತೇನಿ, ಮನಿಯಾಂವ ಅಲ್ಲ. ಕರಿಯೂದು ಬಿಡೂದು ನಿನ್ನ ಕೈಯಾಗ ಉಳೀತೈತಿ. ನಿಮ್ಮಜ್ಜ ನನ್ನ ಎಂದೂ ಕರದಿಲ್ಲ. ನಾನೂ ಕರಿಲಿ ಅಂತ ಕುಂತಿಲ್ಲ."

ಬಸ್‌ಸ್ಟ್ಯಾಂಡಿನಲ್ಲಿ 'ನಾಳಿ ಬರ್ತೀರಿಲ್ರಿ' ಎಂದು ನಾನು ಕೇಳಿದ್ದಕ್ಕೆ ಅವರು ನನ್ನ ಮುಖ ಯಾಕೆ ಹಾಗೆ ನೋಡಿದ್ದರೆಂದು ಆಗ ಅರ್ಥವಾಯಿತು. ಕಾಕಾ ಕೈ ಚಾಚಿ, "ಹಿಂಡಿ ಈ ಕಡೆ ಸರಸು" ಎಂದರು. ಅಣ್ಣನ ಮಗ ಸರಿಸಿದ.