ಮೊದಲು ನಾನು ಹೇಳಿದ್ದನ್ನು ಹೇಳು

ನಮ್ಮ ಮನೆಯಲ್ಲಿ ಯಾರೂ ಯಾರ ಮಾತನ್ನೂ ಪೂರ್ತಿ ಕೇಳಿದವರಲ್ಲ. ನನ್ನ ಗಂಡ ಹುಬ್ಬಳ್ಳಿಯವರು. ಟಿವಿಯಲ್ಲಿ ಹವಾಮಾನ ಹೇಳುವವಳ ಜೊತೆಗೂ ವಾದಕ್ಕಿಳಿಯುತ್ತಾರೆ. "ಅಕಿಗೇನ್ ಗೊತ್ತೈತಿ? ಇವತ್ತ ಮಳಿ ಬರಂಗಿಲ್ಲ." ಮೈಸೂರಿನವಳಾದ ನಾನು ದನಿ ಏರಿಸುವುದಿಲ್ಲ, ಬಿಟ್ಟುಕೊಡುವುದೂ ಇಲ್ಲ. ಪರದೇಶದ ಸುವಾನಿ ಎಂಬ ಊರಿನ ನಮ್ಮ ಮನೆಯ ಊಟದ ಮೇಜಿನಲ್ಲಿ ನಮ್ಮಿಬ್ಬರ ಮಧ್ಯೆ ಕೂತು ಬೆಳೆದವಳು ನಮ್ಮ ಮಗಳು. ಅದರ ಫಲ ಕಾಣಿಸಿಕೊಂಡಿದ್ದು ಅವಳ ಮೆಡಿಕಲ್ ಪ್ರವೇಶ ಪರೀಕ್ಷೆಯಲ್ಲಿ.

ಕೋವಿಡ್ ಕಾಲ. ಕಾಲೇಜು ಮುಚ್ಚಿ ಮನೆಗೆ ಬಂದವಳು ಎಂಕ್ಯಾಟ್ ಎಂಬ ಆ ಪರೀಕ್ಷೆ ಬರೆದಳು. ಕೆಮಿಸ್ಟ್ರಿ, ಬಯಾಲಜಿ ಎಲ್ಲ ಭರ್ಜರಿ. ಯಾರೋ ಬರೆದ ಲೇಖನ ಓದಿ ಉತ್ತರಿಸುವ ವರ್ಬಲ್ ಭಾಗ ಮಾತ್ರ ನೆಲಕಚ್ಚಿತ್ತು. ಒಟ್ಟು ಅಂಕ ಚೆನ್ನಾಗಿದೆಯಲ್ಲ ಎಂದು ಅಪ್ಲೈ ಮಾಡಿದ್ದಾಯಿತು. ಒಂದು ಕಡೆಯಿಂದಲೂ ಇಂಟರ್‌ವ್ಯೂಗೆ ಕರೆ ಬರಲಿಲ್ಲ. ಒಂದು ಭಾಗ ಸೊರಗಿದ್ದರೆ ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ, ಇವಳಿಗೆ ರೋಗಿಯ ಮಾತು ಅರ್ಥವಾದೀತೇ ಎಂಬ ಅನುಮಾನ ಹುಟ್ಟುತ್ತದೆ ಎಂದರು ಕಾಲೇಜಿನ ಸಲಹೆಗಾರ್ತಿ. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಮಗಳಿಗೆ ಮಾತು ಅರ್ಥವಾಗುವುದಿಲ್ಲವೇ?

ಮತ್ತೆ ಬರೆಯಲು ಅಭ್ಯಾಸಕ್ಕೆ ಕೂತಿದ್ದ ಅವಳ ಪಕ್ಕ ಒಂದು ಭಾನುವಾರ ಕೂತು ನೋಡಿದೆ. ಮ್ಯೂಸಿಯಮ್‌ಗಳನ್ನು ಹೊಗಳಿ ಯಾರೋ ಬರೆದಿದ್ದರು. ಲೇಖಕರ ಅಭಿಪ್ರಾಯವೇನು ಎಂಬುದು ಪ್ರಶ್ನೆ. ಇವಳು ಗುರುತು ಹಾಕಿದ್ದು ಪೂರಾ ಉಲ್ಟಾ ಉತ್ತರಕ್ಕೆ.

"ಇದ್ಯಾಕೆ?" ಎಂದೆ.

"ಬಿಕಾಸ್ ಹೀ ಈಸ್ ರಾಂಗ್, ಅಮ್ಮಾ!"

ಥೇಟ್ ಅಪ್ಪ. ನಕ್ಕುಬಿಟ್ಟೆ, ಆಮೇಲೆ ಸಂಕಟವಾಯಿತು. ಕೂಸು ಓದಿದ್ದೆಲ್ಲ ಅರ್ಥ ಮಾಡಿಕೊಂಡೇ ಜಗಳಕ್ಕೆ ನಿಂತಿತ್ತು.

ಆವತ್ತು ಸಂಜೆ ಚಪಾತಿ ಬಡಿಸುತ್ತಾ ಕಾನೂನು ಮಾಡಿದೆ. ಎದುರಿನವರು ಹೇಳಿದ್ದನ್ನು ಮೊದಲು ಹೇಳಬೇಕು. ಅವರು "ಕರೆಕ್ಟ್" ಅಂದ ಮೇಲೆಯೇ ಜಗಳ. ಮಗಳು ಇನ್ನೊಂದು ಸೇರಿಸಿದಳು. "ಹೇಳ್ದೇ ಇದ್ದಿದ್ದೂ ಹೇಳ್ಬೇಕು. ಟೆಸ್ಟ್‌ನಲ್ಲಿ ಅದೂ ಕೇಳ್ತಾರೆ."

ಎಂಥ ಮಜದ ದಿನಗಳು ಅವು! ಇವರು ಒಮ್ಮೆ ಸಾರಿಗೆ ಉಪ್ಪು ಕಡಿಮೆ ಎಂದು ಮುಖ ಸಿಂಡರಿಸಿದರು. ಮಗಳು ಲೋಟ ಕೆಳಗಿಟ್ಟು, "ಅಪ್ಪ, ನೀನು ಹೇಳಿದ್ದು, ಉಪ್ಪು ಕಮ್ಮಿ. ಹೇಳ್ದೇ ಇದ್ದಿದ್ದು, ಅಜ್ಜಿ ಸಾರು ಬೇಕು ಅಂತ" ಎಂದಳು. ಕೋವಿಡ್‌ನಿಂದ ವಿಮಾನಗಳಿಲ್ಲದೆ ಇವರು ಊರಲ್ಲಿದ್ದ ತಾಯಿಯನ್ನು ನೋಡಿ ಬಹಳ ಕಾಲವಾಗಿತ್ತು. ಇವರು "ಕರೆಕ್ಟ್" ಎಂದು ತಟ್ಟೆ ನೋಡುತ್ತಾ ಕೂತರು.

ಎರಡನೇ ಸಲದ ಪರೀಕ್ಷೆಯ ಹಿಂದಿನ ಸಂಜೆ ಅವಳು ಊಟ ಬಿಟ್ಟು, "ಈ ಸಲಾನೂ ಆಗ್ಲಿಲ್ಲ ಅಂದ್ರೆ ಮತ್ತೆ ಬರೆಯಲ್ಲ. ಐ ಯಾಮ್ ಟಯರ್ಡ್, ಅಪ್ಪ" ಎಂದಳು.

ಇವರು ಬಾಯಿ ತೆರೆದರು. ಮಗಳು ಬೆರಳೆತ್ತಿದಳು. ಕಾನೂನು ಕಾನೂನೇ.

"ಅಂಜಿಕಿ ಆಗೈತಿ ಅಂದಿ."

"ನೋ. ಅದು ನಿನ್ನ ಒಪಿನಿಯನ್."

ಇವರು ಒಂದು ಗುಟುಕು ನೀರು ಕುಡಿದು, "ದಣದೀನಿ ಅಂದಿ. ಈ ಸಲ ಆಗ್ಲಿಲ್ಲಂದ್ರ ಸಾಕು ಅಂದಿ" ಎಂದರು.

"ಕರೆಕ್ಟ್."

ಇನ್ನು ಜಗಳ ಮಾಡಲು ಅವರಿಗೆ ಹಕ್ಕಿತ್ತು. ಮಾಡಲಿಲ್ಲ. ತಮ್ಮ ತಟ್ಟೆಯ ಬಿಸಿ ಚಪಾತಿ ಎತ್ತಿ ಅವಳ ತಟ್ಟೆಗೆ ಹಾಕಿದರು. ಅವಳು ತಿಂದಳು.

ವರ್ಬಲ್ ಅಂಕ ಆಕಾಶಕ್ಕೇನೂ ಏರಲಿಲ್ಲ, ಎದ್ದು ನಿಂತಿತು ಅಷ್ಟೇ. ಅಷ್ಟು ಸಾಕಾಯಿತು. ಇಂಟರ್‌ವ್ಯೂಗಳು ಬಂದವು, ನಾರ್ತ್ ಕ್ಯಾರೊಲಿನಾದಲ್ಲಿ ಸೀಟು ಸಿಕ್ಕಿತು. ಈಗ ಮೇಜಿಗೆ ನಾವಿಬ್ಬರೇ. ಇವರು ಮತ್ತೆ ಹವಾಮಾನದವಳ ಮೇಲೆ ಹರಿಹಾಯುತ್ತಾರೆ, ಬೆರಳೆತ್ತಿ ನಿಲ್ಲಿಸುವವರಿಲ್ಲ.

ಹೋದ ದೀಪಾವಳಿಗೆ ಫೋನ್ ಮಾಡಿದ್ದಳು. ಆಸ್ಪತ್ರೆ ಡ್ಯೂಟಿ, ಬರುವುದು ಕಷ್ಟ ಎಂದಳು.

"ಪರವಾಗಿಲ್ಲ ಬಿಡು, ನಿನ್ ಕೆಲಸ ನೋಡ್ಕೋ. ನಾವೂ ಏನ್ ದೊಡ್ಡದಾಗಿ ಮಾಡ್ತಿಲ್ಲ" ಎಂದೆ.



"ಅಮ್ಮಾ, ನೀನು ಹೇಳಿದ್ದು, ಪರವಾಗಿಲ್ಲ ಅಂತ. ಹೇಳ್ದೇ ಇದ್ದಿದ್ದು, ಒಂದು ದಿನಕ್ಕಾದ್ರೂ ಬಾ ಅಂತ."



"ಕರೆಕ್ಟ್" ಎಂದೆ.