ಬೈರನ್ನರ್ ಇಲ್ಲದ ಆಟ

ತೈಲದ ಬೆಲೆ ಕುಸಿದ ವರ್ಷ ಸೌದಿಯ ಬುರೈದಾದಲ್ಲಿ ನಮ್ಮ ಕಂಪೆನಿಯ ಕೆಲಸ ಮುಗಿಯುತ್ತ ಬಂದಿತ್ತು. ಮುಂದಿನ ಸೈಟ್ ಖಮೀಸ್ ಮುಶೈತ್‌ನಲ್ಲಿ. ಅಲ್ಲಿಗೆ ಕೆಲವರು ಮಾತ್ರ. ಉಳಿದವರಿಗೆ ಊರಿನ ಟಿಕೆಟ್. ನನ್ನ ರೂಮ್‌ಮೇಟ್, ಉಡುಪಿ ಕಡೆಯ ಕ್ರೇನ್ ಆಪರೇಟರ್, ಖಮೀಸಿಗೆ ಹೋಗಲೇಬೇಕಿತ್ತು. ಅವನ ಹೆಂಡತಿ ಅಲ್ಲಿ ನರ್ಸ್. ಮದುವೆಯಾದ ಮೇಲೆ ಇಬ್ಬರೂ ಒಂದೇ ಊರಿನಲ್ಲಿ ಇದ್ದದ್ದು ರಜೆಯಲ್ಲಿ ಮಾತ್ರ.

ಅವನ ಬಲ ಮೊಣಕಾಲು ಕೆಟ್ಟಿತ್ತು. ಅದು ಗೊತ್ತಿದ್ದದ್ದು ಅವನ ಹೆಂಡತಿಗೆ ಮತ್ತು ನನಗೆ. ಕಂಪೆನಿಗೆ ತಿಳಿದರೆ ಮೆಡಿಕಲ್‌ನಲ್ಲಿ ಅನ್‌ಫಿಟ್.

ಯಾರನ್ನು ಕಳಿಸಬೇಕೆಂದು ತೀರ್ಮಾನಿಸುವ ಅಮೆರಿಕನ್ ಮ್ಯಾನೇಜರನಿಗೆ ಬೇಸ್‌ಬಾಲ್ ಹುಚ್ಚು. ಶುಕ್ರವಾರ ಸಂಜೆ ಕ್ಯಾಂಪಿನ ಹಿಂದೆ ಫಿಲಿಪಿನೋಗಳು ಆಡುವಾಗ ಕುರ್ಚಿ ಹಾಕಿ ಕೂರುತ್ತಿದ್ದ. ಅವನ ಕಣ್ಣಿಗೆ ಗಟ್ಟಿಯಾಗಿ ಕಾಣಬೇಕೆಂದು ನನ್ನ ಗೆಳೆಯ ಆ ತಂಡ ಸೇರಿದ. ಆ ಆಟದಲ್ಲಿ ಪಿಂಚ್ ಹಿಟ್ಟರ್ ಎಂಬ ಕೆಲಸವಿದೆ: ಆಟ ಬಿಗಿಯಾದಾಗ ಇನ್ನೊಬ್ಬನ ಬದಲಿಗೆ ಬ್ಯಾಟ್ ಹಿಡಿಯುವುದು. ಫೀಲ್ಡಿಂಗ್ ಬೇಕಿಲ್ಲ. ಅವನದು ಟೆನಿಸ್ ಬಾಲ್ ಕ್ರಿಕೆಟ್‌ನ ಕೈ. ಚೆಂಡನ್ನು ಬೇಲಿಯಾಚೆ ಕಳಿಸಿ, ಮೈದಾನದ ನಾಲ್ಕು ಮೂಲೆಯ ಬೇಸುಗಳನ್ನು ನಡೆದೇ ಸುತ್ತುತ್ತಿದ್ದ. ಅದು ಗತ್ತು ಎಂದುಕೊಂಡು ಫಿಲಿಪಿನೋಗಳು "ಬಾಸ್, ಬಾಸ್" ಎಂದು ಕೂಗುತ್ತಿದ್ದರು.

"ಸಾಕು, ನಿಲ್ಲಿಸು," ಎಂದೆ ಒಮ್ಮೆ.

"ಎಂತ ಹೆದರುದು ಮಾರಾಯ? ಬೇಲಿ ದಾಟಿದ್ರೆ ಓಡ್ಲಿಕ್ಕೆ ಉಂಟಾ?"

ಕೊನೆಯ ಶುಕ್ರವಾರ ಚೆಂಡು ದಾಟಲಿಲ್ಲ. ಬೇಲಿಗೆ ಬಡಿದು ಒಳಗೇ ಬಿತ್ತು. ನಮ್ಮೂರ ಕ್ರಿಕೆಟ್‌ನಲ್ಲಿ ಕಾಲು ನೋವಿದ್ದವನ ಬದಲು ಓಡಲು ಬೈರನ್ನರ್ ಇರುತ್ತಾನೆ. ಇಲ್ಲಿ ಹೊಡೆದವನೇ ಮೊದಲ ಬೇಸಿಗೆ ಓಡಬೇಕು. ಅವನಿಗದು ಗೊತ್ತಿತ್ತು. ಆದರೂ ನಿಂತಲ್ಲೇ ಕೈ ಎತ್ತಿ, ಬೆಂಚಿನಲ್ಲಿದ್ದ ನನ್ನ ಕಡೆ ತಿರುಗಿ ಕೂಗಿದ: "ಬೈರನ್ನರ್! ಓಡಾ ಮಾರಾಯ!"

"ಯಲ್ಲಾ, ಯಲ್ಲಾ!" ಬೇಗ ಓಡು ಎಂದು ತಂಡದ ಕ್ಯಾಪ್ಟನ್ ಅರಬಿಯಲ್ಲಿ ಕಿರುಚಿದ.

ಆಗ ಓಡಿದ. ಬ್ಯಾಟನ್ನೇ ಊರಿಕೊಂಡು, ಒಂದು ಕಾಲು ಎಳೆಯುತ್ತ. ಚೆಂಡು ಬರುವ ಮುಂಚೆ ಬೇಸ್ ಮುಟ್ಟಿ ಅಲ್ಲೇ ಕುಳಿತುಬಿಟ್ಟ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮ್ಯಾನೇಜರ್ ಎದ್ದು ಬಂದು ಮೊಣಕಾಲು ಮುಟ್ಟಿ ನೋಡಿದ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದ.

"ಈಗ ಬಿದ್ದದ್ದು ಸರ್."

ಅವನು ಬಿದ್ದಿರಲಿಲ್ಲ. ಎಲ್ಲರೂ ನೋಡಿದ್ದರು. ಮ್ಯಾನೇಜರ್ ಭುಜ ತಟ್ಟಿ, ಒಳ್ಳೆಯ ಹೊಡೆತ, ನಾಳೆ ಡಾಕ್ಟರನ್ನು ನೋಡು, ಖಮೀಸಿನ ಮಾತು ಆಮೇಲೆ ಎಂದು ಹೇಳಿ ಹೋದ.

ಗೆಳೆಯನ ತೋಳನ್ನು ನನ್ನ ಕೊರಳಿಗೆ ಹಾಕಿಕೊಂಡು ರೂಮಿಗೆ ಕರೆತಂದೆ. ಆಟ ಮುಗಿಯುವ ಹೊತ್ತಿಗೆ ಅವನ ಹೆಂಡತಿ ಫೋನ್ ಮಾಡುವುದು ವಾಡಿಕೆ. ಮೊಬೈಲ್ ರಿಂಗಾಯಿತು. ಅವನು ಅದನ್ನು ನನ್ನ ಕೈಗಿಟ್ಟ.

"ನೀನೇ ಹೇಳು. ನನ್ನಿಂದ ಆಗುದಿಲ್ಲ."

"ಎಂತ, ಇವತ್ತೂ ಬೇಲಿ ದಾಟಿತಾ?" ಆ ಕಡೆಯಿಂದ ಅವಳು ನಗುತ್ತಿದ್ದಳು.